ಸೈಡ್‌ವಿಂಗಿನಿಂದ ಹೇಳಿಕೊಟ್ಟ ಮಾತು

ನಮ್ಮ ಶಾಲೆಯ ವಾರ್ಷಿಕೋತ್ಸವದ ನಾಟಕಗಳಲ್ಲಿ ಪಾತ್ರ ವಹಿಸಿದವರಿಗೆ, ಸೈಡ್‌ವಿಂಗಿನ ಮರೆಯಲ್ಲಿ ಟಾರ್ಚು ಹಿಡಿದು ಕುಳಿತು ಮಾತು ಹೇಳಿಕೊಡುತ್ತಿದ್ದ ನನ್ನ ನೆನಪು ಇದ್ದೇ ಇರುತ್ತದೆ. ಆ ಕೆಲಸಕ್ಕೆ ನಾವೆಲ್ಲ ‘ಪ್ರಾಂಪ್ಟ್ ಮಾಡುವುದು’ ಎಂದೇ ಹೇಳುತ್ತಿದ್ದೆವು. ಒಂದು ವರ್ಷ ಭೀಮನ ಪಾತ್ರಧಾರಿಯೊಬ್ಬನು ಅತಿಯಾಗಿ ಅರಚುತ್ತಿದ್ದುದನ್ನು ಕಂಡು ನಾನು ‘ಮೆಲ್ಲಗೆ, ಮೆಲ್ಲಗೆ’ ಎಂದು ಪಿಸುಗುಟ್ಟಿದೆ. ಅವನು ಅದನ್ನೂ ಸಂಭಾಷಣೆಯೆಂದೇ ಭಾವಿಸಿ, ಗದೆಯನ್ನೆತ್ತಿ ‘ಮೆಲ್ಲಗೆ! ಮೆಲ್ಲಗೆ!’ ಎಂದು ದುರ್ಯೋಧನನೆದುರು ಘರ್ಜಿಸಿಬಿಟ್ಟ. ಆ ಭೀಮ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಇದನ್ನು ಓದಿ ನಗುತ್ತಾನೆಂದು ಬಲ್ಲೆ.

ಈ ‘ಪ್ರಾಂಪ್ಟ್’ ಎಂಬ ಶಬ್ದ ಬಹು ವರ್ಷಗಳ ಬಳಿಕ ಮತ್ತೆ ನನ್ನ ಕಿವಿಗೆ ಬಿದ್ದುದು ಕಳೆದ ದಸರಾ ರಜೆಯಲ್ಲಿ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಶಾಲೆಯ ಅಮೃತ ಮಹೋತ್ಸವದ ಸಂಪುಟಕ್ಕಾಗಿ ನಾನು ಗುಡ್ಡೆ ಹಾಕಿಕೊಂಡಿದ್ದ ಟಿಪ್ಪಣಿಗಳನ್ನು ಕಂಡು, ಕೃತಕ ಬುದ್ಧಿಮತ್ತೆಯ ಬರವಣಿಗೆಯ ಸಾಧನವೊಂದನ್ನು ನನ್ನ ಗಣಕಯಂತ್ರದಲ್ಲಿ ಅಳವಡಿಸಿಕೊಟ್ಟ. ನಾನು ‘ಶಾಲೆಯ ಕಟ್ಟಡದ ಇತಿಹಾಸವನ್ನು ಬರೆ’ ಎಂದು ಒಂದು ಸಾಲು ಬೆರಳಚ್ಚಿಸಿದೆ. ಆತ ಬೇರೊಂದು ಕಿಟಕಿಯನ್ನು ತೆರೆದು, “ಮೇಷ್ಟ್ರೇ, ನೀವು ಬರೆದದ್ದು ಒಂದು ಸಾಲು. ಯಂತ್ರ ಓದಿದ್ದು ಇಷ್ಟು, ನೋಡಿ” ಎಂದ. ಅಲ್ಲಿ ಆರು ಪುಟಗಳಷ್ಟು ಪಠ್ಯವಿತ್ತು. ನನ್ನ ಸಾಲು ಕಟ್ಟಕಡೆಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ಕಡೆಗೆ ಬಂದವನಂತೆ ಕುಳಿತಿತ್ತು. ಉಳಿದದ್ದನ್ನು ಬರೆದವರು ಯಾರು, ಅದನ್ನು ಹೀಗೆ ಜೋಡಿಸುವ ಪದ್ಧತಿ ಎಂದು ಹುಟ್ಟಿತು ಎಂಬ ಕುತೂಹಲದಿಂದ ಮೂರು ತಿಂಗಳು ಓದಿದೆ. ಅದರ ಫಲ ಈ ಲೇಖನ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ಈ ಭಾಷಾ ಮಾದರಿಗಳಿಗೆ ನಿನ್ನೆ ಎಂಬುದಿಲ್ಲ. ಒಂದು ಉತ್ತರವನ್ನು ಬರೆದು ಮುಗಿಸಿದೊಡನೆ ಅದರ ಪಾಲಿಗೆ ಆ ಸಂಭಾಷಣೆ ಇರಲೇ ಇಲ್ಲ. ನಾವು ಎರಡನೆಯ ಪ್ರಶ್ನೆ ಕೇಳಿದಾಗ ಮೊದಲಿನ ಪ್ರಶ್ನೆ, ಅದರ ಉತ್ತರ, ನಿಯಮಗಳು, ಟಿಪ್ಪಣಿಗಳು ಎಲ್ಲವನ್ನೂ ಮತ್ತೆ ಒಂದು ಕಟ್ಟಾಗಿ ಕಟ್ಟಿ, ಮೊದಲಿನಿಂದ ಓದಿಸಬೇಕು. ಆ ಕಟ್ಟೇ ಪ್ರಾಂಪ್ಟ್. ಅದನ್ನು ಕಟ್ಟುವವನು ನಾವಲ್ಲ, ನಡುವೆ ನಿಂತಿರುವ ತಂತ್ರಾಂಶ. ‘ಯಂತ್ರಕ್ಕೆ ನೆನಪಿದೆ’ ಎಂದು ನಮಗೆ ತೋರುವುದೆಲ್ಲ ಆ ಕಟ್ಟಿನ ಕೈಚಳಕ.

ಇದರ ಪೂರ್ವಜರನ್ನು ಹುಡುಕುತ್ತ ಹೋದರೆ 1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ ‘ಎಲೈಜಾ’ ದೊರೆಯುತ್ತದೆ. ಅದರಲ್ಲಿ ಮಾತಿನ ನಿಯಮಗಳನ್ನು ಮೂಲ ಕ್ರಮವಿಧಿಯಿಂದ ಬೇರ್ಪಡಿಸಿ, ‘ಸ್ಕ್ರಿಪ್ಟ್’ ಎಂಬ ಪ್ರತ್ಯೇಕ ಕಡತದಲ್ಲಿ ಇರಿಸಲಾಗಿತ್ತು. ಕಡತ ಬದಲಿಸಿದರೆ ಪಾತ್ರ ಬದಲಾಗುತ್ತಿತ್ತು. ಮನೋವೈದ್ಯನ ಪಾತ್ರದ ಕಡತವೇ ಹೆಸರುವಾಸಿಯಾದದ್ದು. 1970ರ ದಶಕದಲ್ಲಿ ಯೇಲ್‌ನಲ್ಲಿ ಜೇಮ್ಸ್ ಮೀಹನ್ ಕಥೆ ಹೇಳುವ ‘ಟೇಲ್‌ಸ್ಪಿನ್’ ರಚಿಸಿದರು. ಆದರೆ ಇವೆಲ್ಲ ನಿಯಮಗಳ ಯಂತ್ರಗಳು. ನಮ್ಮ ವಿಷಯ ನಿಜವಾಗಿ ಆರಂಭವಾಗುವುದು 2019ರ ಫೆಬ್ರವರಿಯಲ್ಲಿ, ಓಪನ್‌ಎಐ ಸಂಸ್ಥೆಯ ಜಿಪಿಟಿ-2ರಿಂದ.

ಜಿಪಿಟಿ-2 ಆಜ್ಞೆಯನ್ನು ಪಾಲಿಸುವ ಯಂತ್ರವಾಗಿರಲಿಲ್ಲ, ಕೊಟ್ಟ ಪಠ್ಯವನ್ನು ಮುಂದುವರಿಸುವ ಯಂತ್ರವಾಗಿತ್ತು. ಆದ್ದರಿಂದ ಅದರಿಂದ ಕೆಲಸ ತೆಗೆಯಲು ಉಪಾಯ ಬೇಕಾಯಿತು. ಒಂದು ಲೇಖನದ ಕೊನೆಗೆ ‘ಟಿಎಲ್‌ಡಿಆರ್’ ಎಂದು ಸೇರಿಸಿದರೆ ಅದು ಸಾರಾಂಶ ಬರೆಯಲು ತೊಡಗುತ್ತಿತ್ತು. ‘ತೀರ ಉದ್ದ, ಓದಲಿಲ್ಲ’ ಎಂಬರ್ಥದ ಈ ಇಂಗ್ಲಿಷ್ ಸಂಕ್ಷೇಪದ ಬಳಿಕ ಜಾಲತಾಣಗಳಲ್ಲಿ ಸಾರಾಂಶ ಬರುವುದು ವಾಡಿಕೆ. ಯಂತ್ರ ಆ ವಾಡಿಕೆಯನ್ನು ಕಲಿತಿತ್ತು, ಅಷ್ಟೆ. 2020ರಲ್ಲಿ ಬಂದ, 17,500 ಕೋಟಿ ನಿಯತಾಂಕಗಳ ಜಿಪಿಟಿ-3ಕ್ಕೆ ಎರಡು ಮೂರು ಮಾದರಿ ಪ್ರಶ್ನೋತ್ತರಗಳನ್ನು ಮೊದಲಿಗೆ ಇಟ್ಟರೆ ನಾಲ್ಕನೆಯದನ್ನು ಅದೇ ಧಾಟಿಯಲ್ಲಿ ಬಿಡಿಸುತ್ತಿತ್ತು. ಬೋರ್ಡಿನ ಮೇಲೆ ಎರಡು ಲೆಕ್ಕ ಮಾಡಿ ತೋರಿಸಿ ಮೂರನೆಯದನ್ನು ಹುಡುಗರಿಗೆ ಬಿಡುವ ನಮ್ಮ ಹಳೆಯ ಕ್ರಮವೇ ಅದು.

ಆದರೆ ಕಟ್ಟುವ ವಿದ್ಯೆಯನ್ನು ನಿಜವಾಗಿ ಬೆಳೆಸಿದವರು ಆಟವಾಡುವವರೆಂಬುದು ನನಗೆ ಅತ್ಯಂತ ಸೋಜಿಗವೆನಿಸಿತು. 2019ರ ಡಿಸೆಂಬರಿನಲ್ಲಿ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ನಿಕ್ ವಾಲ್ಟನ್ ಎಂಬ ಯುವಕ ‘ಎಐ ಡಂಜನ್’ ಎಂಬ ಕಥೆಯಾಟವನ್ನು ಹೊರತಂದರು. ಆಟಗಾರನು ಒಂದು ಸಾಲು ಬರೆಯುತ್ತಾನೆ, ಜಿಪಿಟಿ-2 ಕಥೆಯನ್ನು ಮುಂದುವರಿಸುತ್ತದೆ. ಜಿಪಿಟಿ-2 ಒಂದೇ ಸಲಕ್ಕೆ ಓದಬಲ್ಲದ್ದು 1024 ಟೋಕನ್, ಎಂದರೆ ಸುಮಾರು ಏಳೆಂಟು ನೂರು ಇಂಗ್ಲಿಷ್ ಪದ. ಕಥೆ ಅದಕ್ಕಿಂತ ಉದ್ದವಾದೊಡನೆ ಮೊದಲ ಭಾಗ ಕಟ್ಟಿನಿಂದ ಜಾರಿ ಬೀಳುತ್ತಿತ್ತು. ರಾಜಕುಮಾರ ತನ್ನ ತಂದೆಯ ಹೆಸರನ್ನೇ ಮರೆಯುತ್ತಿದ್ದ.

ಈ ಮರೆವಿಗೆ ಮದ್ದು ಹುಡುಕುತ್ತ ಆ ಆಟದಲ್ಲಿ ಮೂರು ಉಪಾಯಗಳು ರೂಪುಗೊಂಡವು. ಎಂದೆಂದೂ ಮರೆಯಬಾರದ ಸಂಗತಿಗಳನ್ನು ‘ಮೆಮೊರಿ’ ಎಂಬ ಪೆಟ್ಟಿಗೆಯಲ್ಲಿ ಬರೆದರೆ ಅದು ಪ್ರತಿ ಸಲವೂ ಕಟ್ಟಿನ ತಲೆಯಲ್ಲಿ ಕೂರುತ್ತಿತ್ತು. ಊರು, ವ್ಯಕ್ತಿ, ಆಯುಧಗಳ ವಿವರಗಳನ್ನು ‘ವರ್ಲ್ಡ್ ಇನ್ಫೋ’ ಎಂಬ ಕೋಶದಲ್ಲಿ ಇಟ್ಟರೆ, ಕಥೆಯಲ್ಲಿ ಆ ಹೆಸರು ಬಂದಾಗ ಮಾತ್ರ ಆ ವಿವರ ಕಟ್ಟಿಗೆ ಸೇರುತ್ತಿತ್ತು. ಮೂರನೆಯದು ‘ಆಥರ್ಸ್ ನೋಟ್’: ಲೇಖಕನ ಧೋರಣೆಯನ್ನು ಹೇಳುವ ಒಂದೆರಡು ಸಾಲು. ಅದನ್ನು ತಲೆಯಲ್ಲಿ ಇಡದೆ, ಕೊನೆಯ ಕೆಲವೇ ಸಾಲುಗಳ ಹಿಂದೆ ತೂರಿಸುತ್ತಿದ್ದರು. ಏಕೆಂದರೆ ಕೊನೆಗೆ ಹತ್ತಿರವಿದ್ದ ಮಾತಿನ ಪ್ರಭಾವವೇ ಹೆಚ್ಚೆಂದು ಆಟಗಾರರು ಅನುಭವದಿಂದ ಕಂಡುಕೊಂಡಿದ್ದರು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಮತ್ತಿತರ ಸಂಶೋಧಕರು ಇದನ್ನು ಅಳೆದು ನೋಡಿದರು: ಉದ್ದನೆಯ ಪಠ್ಯದ ಮೊದಲು ಮತ್ತು ಕೊನೆಯಲ್ಲಿರುವುದನ್ನು ಮಾದರಿಗಳು ಚೆನ್ನಾಗಿ ಬಳಸಿಕೊಳ್ಳುತ್ತವೆ, ನಡುವೆ ಸಿಕ್ಕಿದ್ದನ್ನು ಕಡೆಗಣಿಸುತ್ತವೆ. ಸಂಜೆಯ ಕೊನೆಯ ಪೀರಿಯಡ್ಡಿನಲ್ಲಿ ನಲವತ್ತು ನಿಮಿಷ ಪಾಠ ಮಾಡಿದವರಿಗೆ ಇದು ಹೊಸ ಸಂಗತಿಯೇನಲ್ಲ.

ಈ ಹಂತದಲ್ಲಿ ನಮ್ಮ ಭಾಷೆಗೆ ಸಂಬಂಧಿಸಿದ ಒಂದು ಮಾತು. ಗಣಕದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ವ್ಯಂಜನ, ವಿರಾಮ, ದೀರ್ಘಗಳೆಲ್ಲ ಸೇರಿ ಆರು ಸಂಕೇತಗಳು, ಎಂದರೆ ಹದಿನೆಂಟು ಬೈಟ್. ಇಂಗ್ಲಿಷ್ ಪಠ್ಯದ ಮೇಲೆ ರೂಪುಗೊಂಡ ಆರಂಭದ ಟೋಕನ್ ಕೋಷ್ಟಕಗಳಲ್ಲಿ ಕನ್ನಡಕ್ಕೆ ಹೊಂದುವ ತುಣುಕುಗಳು ಹೆಚ್ಚಿರಲಿಲ್ಲ. ಹೀಗಾಗಿ ಅದೇ ಕಟ್ಟಿನಲ್ಲಿ ಇಂಗ್ಲಿಷಿನ ಕಥೆ ಹಿಡಿದಷ್ಟು ಕನ್ನಡದ ಕಥೆ ಹಿಡಿಯುತ್ತಿರಲಿಲ್ಲ. ನಮ್ಮ ರಾಜಕುಮಾರ ಇನ್ನೂ ಬೇಗ ತಂದೆಯನ್ನು ಮರೆಯಬೇಕಾಗಿತ್ತು. ಈಚಿನ ಮಾದರಿಗಳಲ್ಲಿ ಈ ತೊಂದರೆ ಬಹಳ ಮಟ್ಟಿಗೆ ತಗ್ಗಿದೆ.

2022ರ ಜನವರಿಯಲ್ಲಿ ಆಜ್ಞೆ ಪಾಲಿಸಲು ತರಬೇತಿ ಪಡೆದ ‘ಇನ್‌ಸ್ಟ್ರಕ್ಟ್ ಜಿಪಿಟಿ’, ಅದೇ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದವು. ಆಗ ಎದುರಾದದ್ದು ನಮ್ಮ ಭೀಮನ ಸಮಸ್ಯೆ. ಕಟ್ಟಿನಲ್ಲಿ ಆಜ್ಞೆ ಯಾವುದು, ಓದಬೇಕಾದ ಸಾಮಗ್ರಿ ಯಾವುದು? ಸಾಮಗ್ರಿಯೊಳಗೆ ಯಾರಾದರೂ ‘ಹಿಂದಿನ ಆಜ್ಞೆಗಳನ್ನು ಮರೆತುಬಿಡು’ ಎಂದು ಬರೆದಿಟ್ಟರೆ ಯಂತ್ರ ಅದನ್ನೂ ಪಾಲಿಸಿಬಿಡುತ್ತಿತ್ತು. 2022ರ ಸೆಪ್ಟೆಂಬರಿನಲ್ಲಿ ಸೈಮನ್ ವಿಲಿಸನ್ ಎಂಬ ತಂತ್ರಜ್ಞರು ಇದಕ್ಕೆ ‘ಪ್ರಾಂಪ್ಟ್ ಇಂಜೆಕ್ಷನ್’ ಎಂದು ಹೆಸರಿಟ್ಟರು. 2023ರ ಮಾರ್ಚಿನಲ್ಲಿ ಓಪನ್‌ಎಐ ಹೊರಗಿನ ತಂತ್ರಾಂಶದವರಿಗೆ ಒದಗಿಸಿದ ಸಂಪರ್ಕ ವಿಧಾನದಲ್ಲಿ ಕಟ್ಟನ್ನು ‘ಸಿಸ್ಟಂ’, ‘ಯೂಸರ್’, ‘ಅಸಿಸ್ಟೆಂಟ್’ ಎಂದು ಮೂವರ ಮಾತುಗಳಾಗಿ ಗುರುತು ಹಾಕಿ ವಿಂಗಡಿಸುವ ಕ್ರಮವಿತ್ತು. ಅದರಿಂದ ಸಮಸ್ಯೆ ಕಡಿಮೆಯಾಯಿತೇ ಹೊರತು ನಿವಾರಣೆಯಾಗಲಿಲ್ಲ.

ಒಂಟಿ ಏಜೆಂಟಿನ ಬರವಣಿಗೆಯ ಸಾಧನದ ಕಟ್ಟು ಇಂದಿಗೂ ಹೆಚ್ಚುಕಡಿಮೆ ಇದೇ ಬಗೆಯದು. ಮೊದಲು ಪಾತ್ರ ಮತ್ತು ಶೈಲಿಯ ನಿಯಮ, ಬಳಿಕ ಕೃತಿಯ ರೂಪರೇಖೆ, ವ್ಯಕ್ತಿಗಳ ವಿವರ, ಹಿಂದಿನ ಅಧ್ಯಾಯಗಳ ಸಾರಾಂಶ, ಬರೆದದ್ದರ ಕೊನೆಯ ಕೆಲವು ಪ್ಯಾರಾಗಳು ಯಥಾವತ್ತಾಗಿ, ಕೊನೆಗೆ ನಮ್ಮ ಸಾಲು. ಎಲ್ಲವನ್ನೂ ಓದುವವನು ಒಬ್ಬನೇ ಎಂಬುದು ಇದರ ಗುಣ. ಎಲ್ಲವೂ ಒಂದೇ ಚೀಲದಲ್ಲಿ ಜಾಗಕ್ಕಾಗಿ ನೂಕಾಡುತ್ತವೆ ಎಂಬುದು ದೋಷ.

ಕೆಲಸವನ್ನು ಹಂಚುವ ಆಲೋಚನೆ ಇಲ್ಲಿಂದ ಹೊರಟಿತು. 2022ರಲ್ಲಿ ಡೀಪ್‌ಮೈಂಡ್ ಸಂಸ್ಥೆ ರಚಿಸಿದ ‘ಡ್ರಮಟ್ರಾನ್’ ನಾಟಕ ಬರೆಯುವ ಸಾಧನ. ಲೇಖಕ ಒಂದೆರಡು ವಾಕ್ಯದ ಕಥಾಬೀಜವನ್ನು ಕೊಟ್ಟರೆ, ಅದರಿಂದ ಶೀರ್ಷಿಕೆ, ಪಾತ್ರಗಳು, ದೃಶ್ಯಗಳ ಪಟ್ಟಿ, ಸ್ಥಳಗಳು, ಕೊನೆಗೆ ಸಂಭಾಷಣೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರೆಯುತ್ತಿತ್ತು. ಒಂದು ಮೆಟ್ಟಿಲಲ್ಲಿ ಬಂದ ಉತ್ತರ ಮುಂದಿನ ಮೆಟ್ಟಿಲಿನ ಕಟ್ಟಿಗೆ ಸಾಮಗ್ರಿ. ರಂಗಭೂಮಿ, ಚಲನಚಿತ್ರ ಕ್ಷೇತ್ರಗಳ 15 ಮಂದಿ ವೃತ್ತಿನಿರತರು ಅದರೊಡನೆ ಬರೆದು ನೋಡಿದರು. ಅದರ ನಾಟಕಗಳು ಅದೇ ವರ್ಷ ಕೆನಡಾದ ಎಡ್ಮಂಟನ್ ನಾಟಕೋತ್ಸವದಲ್ಲಿ ಪ್ರದರ್ಶನಗೊಂಡವು. ಪ್ರಾಂಪ್ಟ್ ಎಂಬ ಶಬ್ದ ಹೀಗೆ ತನ್ನ ತವರುಮನೆಗೆ ಒಮ್ಮೆ ಹೋಗಿಬಂದಿತೆನ್ನಿ. ಅದೇ ವರ್ಷದ ‘ಆರ್‌ಇ-3’ ಎಂಬ ಇನ್ನೊಂದು ಸಂಶೋಧನೆಯಲ್ಲಿ ಯೋಜನೆ, ಕರಡು, ಪುನರ್ಲೇಖನ, ತಿದ್ದುಪಡಿ ಎಂದು ನಾಲ್ಕು ಘಟ್ಟಗಳಿದ್ದವು.

2023ರಲ್ಲಿ ಈ ಘಟ್ಟಗಳೇ ಹೆಸರು, ಹುದ್ದೆ ಪಡೆದು ‘ಏಜೆಂಟು’ಗಳಾದವು. ಆ ವರ್ಷದ ‘ಕ್ಯಾಮೆಲ್’ ಎಂಬ ಪ್ರಯೋಗದಲ್ಲಿ ಆಜ್ಞೆ ಕೊಡುವವನೊಬ್ಬ, ಪಾಲಿಸುವವನೊಬ್ಬ. ಪಾಲಿಸುವವನು ನಡುನಡುವೆ ತಾನೇ ಆಜ್ಞೆ ಕೊಡತೊಡಗುತ್ತಿದ್ದುದರಿಂದ, ಪಾತ್ರ ಬದಲಿಸಬೇಡವೆಂದು ಇಬ್ಬರ ಕಟ್ಟಿನಲ್ಲೂ ಒತ್ತಿ ಬರೆಯಬೇಕಾಯಿತು. 2024ರಲ್ಲಿ ಗೂಗಲ್ ಡೀಪ್‌ಮೈಂಡ್‌ನ ‘ಏಜೆಂಟ್ಸ್ ರೂಮ್’ ಕಥೆಗೆಂದೇ ಒಂದು ಕಚೇರಿ ತೆರೆಯಿತು. ಸಂಘರ್ಷ, ಪಾತ್ರ, ಪರಿಸರ, ಕಥಾವಸ್ತು ಇವನ್ನು ಯೋಜಿಸಲು ನಾಲ್ವರು. ಆರಂಭದಿಂದ ಮುಕ್ತಾಯದವರೆಗಿನ ಭಾಗಗಳನ್ನು ಬರೆಯಲು ಬೇರೆಯವರು. ಎಲ್ಲರೂ ಬರೆದಿಡಲು, ಓದಿಕೊಳ್ಳಲು ನಡುವೆ ಒಂದು ಸಾಮಾನ್ಯ ಕಚ್ಚಾ ಪುಸ್ತಕ. ಈ ಏರ್ಪಾಡು ಹೊಸದೇನಲ್ಲ. 1970ರ ದಶಕದಲ್ಲಿ ಕಾರ್ನಿಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾತನ್ನು ಗುರುತಿಸಲು ರಚಿಸಿದ ‘ಹಿಯರ್‌ಸೇ-2’ರಲ್ಲಿ ಬೇರೆ ಬೇರೆ ತಜ್ಞ ವಿಭಾಗಗಳು ಒಂದೇ ಕಡೆ ತಮ್ಮ ಊಹೆಗಳನ್ನು ಬರೆಯುತ್ತಿದ್ದವು. ಆ ಕಡೆಗೆ ಅವರಿಟ್ಟ ಹೆಸರು ‘ಬ್ಲ್ಯಾಕ್‌ಬೋರ್ಡ್’. ಸೀಮೆಸುಣ್ಣ ಹಿಡಿದೇ ಜೀವನ ಕಳೆದ ನನಗೆ ಇದನ್ನು ಓದಿ ಸಣ್ಣ ಹೆಮ್ಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಈಗ ನನ್ನ ಟಿಪ್ಪಣಿಗಳ ವಿಷಯ. ನಾನು ಬಳಸಿದ ಸಾಧನದಲ್ಲಿ ಯೋಜಕ, ಲೇಖಕ, ಸಂಪಾದಕ ಎಂದು ಮೂವರು ಏಜೆಂಟರಿದ್ದರು. ಶಾಲೆಯ ಹಳೆಯ ಎರಡು ಕೊಠಡಿಗಳ ಕಲ್ಲಿನ ಬಗ್ಗೆ ನಮ್ಮೂರಿನಲ್ಲಿ ಎರಡು ಹೇಳಿಕೆಗಳಿವೆ. ಊರ ಜಮೀನುದಾರರು ದಾನ ಕೊಟ್ಟರೆಂಬುದು ಒಂದು. ಕೆರೆಯಾಚೆಯ ಕೇರಿಯವರು ಬೇಸಗೆಯಿಡೀ ರಾತ್ರಿ ಬೆಳದಿಂಗಳಲ್ಲಿ ಹೊತ್ತು ತಂದರೆಂಬುದು ಇನ್ನೊಂದು. ದಾಖಲೆ ಎರಡಕ್ಕೂ ಇಲ್ಲ. ನಾನು ಎರಡನ್ನೂ ಬರೆದು, ‘ಹಿರಿಯರ ಹೇಳಿಕೆ ಮಾತ್ರ’ ಎಂದು ಅಡಿಗೆರೆ ಹಾಕಿದ್ದೆ. ಬಂದ ಅಧ್ಯಾಯ ಓದಲು ಬಹಳ ಸೊಗಸಾಗಿತ್ತು. ಮುದ್ರಣಾಲಯದಿಂದ ಪ್ರೂಫ್ ಬಂದ ಮೇಲೆ, ಎರಡನೆಯ ಓದಿನಲ್ಲಿ ಕಣ್ಣಿಗೆ ಬಿತ್ತು: ಕಲ್ಲು ಜಮೀನುದಾರರ ದಾನವೆಂದು ನಿಸ್ಸಂದೇಹವಾಗಿ ಬರೆದಿತ್ತು. ಕೇರಿಯವರ ಸುದ್ದಿಯೇ ಇರಲಿಲ್ಲ. ಆ ಕೇರಿಯ ಮಕ್ಕಳು ನನ್ನ ತರಗತಿಯಲ್ಲಿ ಕುಳಿತಿದ್ದರು. ಅವರ ಮುಖ ನೆನೆದು ಅಂದು ರಾತ್ರಿ ನಿದ್ರೆ ಬರಲಿಲ್ಲ.

ಶಿಷ್ಯನು ಮೂವರು ಏಜೆಂಟರ ಕಟ್ಟುಗಳನ್ನೂ ಬಿಚ್ಚಿ ತೋರಿಸಿದ. ಯೋಜಕನಿಗೆ ನನ್ನ ಟಿಪ್ಪಣಿ ಪೂರ್ತಿ ಹೋಗಿತ್ತು. ಅವನು ಅದನ್ನು ‘ಕಲ್ಲು: ಜಮೀನುದಾರರ ದಾನ, ಇತರ ಹೇಳಿಕೆಗಳೂ ಇವೆ’ ಎಂದು ಒಂದೇ ಸಾಲಿಗೆ ಇಳಿಸಿದ್ದ. ಲೇಖಕನಿಗೆ ತಲುಪಿದ್ದು ಆ ಸಾಲು ಮಾತ್ರ. ಅವನು ಅದರ ಬಾಲ ಬಿಟ್ಟು ತಲೆಯನ್ನು ವಿಸ್ತರಿಸಿದ. ಸಂಪಾದಕನ ಕಟ್ಟಿನಲ್ಲಿದ್ದುದು ಕರಡು ಮತ್ತು ಶೈಲಿಯ ನಿಯಮಗಳಷ್ಟೇ. ನನ್ನ ಟಿಪ್ಪಣಿಯನ್ನೇ ಕಾಣದವನು ತಪ್ಪನ್ನು ಹೇಗೆ ಹಿಡಿದಾನು? ಮೂವರೂ ತಮಗೆ ಕೊಟ್ಟದ್ದನ್ನು ಓದಿದ್ದರು. ಕಟ್ಟಿದ ಕೈಯಲ್ಲಿ ದೋಷವಿತ್ತು. ಸೊಗಸಿಗೆ ಮರುಳಾಗಿ ಅದನ್ನು ಮುದ್ರಣಾಲಯಕ್ಕೆ ಕಳುಹಿಸಿದ ಕೈ ನನ್ನದೇ.

ಬಲ್ಲವರ ನಡುವೆಯೂ ಈ ಚರ್ಚೆ ಮುಗಿದಿಲ್ಲ. 2025ರ ಜೂನ್‌ನಲ್ಲಿ ಕಾಗ್ನಿಷನ್ ಎಂಬ ಸಂಸ್ಥೆಯವರು, ಏಜೆಂಟುಗಳನ್ನು ಹೆಚ್ಚಿಸುವುದಕ್ಕಿಂತ ಒಬ್ಬನಿಗೇ ಪೂರ್ಣ ಹಿನ್ನೆಲೆಯನ್ನು ಕೊಡುವುದು ಮೇಲೆಂದು ಬರೆದರು. ಅದೇ ತಿಂಗಳು ಆಂತ್ರೊಪಿಕ್ ಸಂಸ್ಥೆ ಹಲವು ಏಜೆಂಟುಗಳ ತನ್ನ ಸಂಶೋಧನಾ ಸಾಧನವನ್ನು ಸಮರ್ಥಿಸಿಕೊಂಡಿತು. ಆದರೆ ಅಂಥ ವ್ಯವಸ್ಥೆಗೆ ಸಾಮಾನ್ಯ ಸಂಭಾಷಣೆಯ ಸುಮಾರು 15 ಪಟ್ಟು ಟೋಕನ್ ಖರ್ಚಾಗುತ್ತದೆಂದೂ, ಎಲ್ಲರಿಗೂ ಒಂದೇ ಹಿನ್ನೆಲೆ ಬೇಕಾಗುವ ಕೆಲಸಕ್ಕೆ ಅದು ಸರಿಹೊಂದದೆಂದೂ ತಾನೇ ಹೇಳಿತು. ನನಗೆ ತೋರುವಂತೆ ಒಂದು ಊರಿನ ಚರಿತ್ರೆ ಆ ಎರಡನೆಯ ಜಾತಿಯ ಕೆಲಸ.

ಶಿಷ್ಯನು ಸಂಪಾದಕನ ಕಟ್ಟಿಗೂ ನನ್ನ ಮೂಲ ಟಿಪ್ಪಣಿಗಳನ್ನು ಯಥಾವತ್ತಾಗಿ ಸೇರಿಸಿ, ಟಿಪ್ಪಣಿಯಲ್ಲಿ ಸಂಶಯವಿದ್ದಲ್ಲಿ ಕರಡಿನಲ್ಲಿಯೂ ಸಂಶಯ ಉಳಿದಿದೆಯೇ ನೋಡು ಎಂಬ ಸಾಲನ್ನು ಕೊನೆಯಲ್ಲಿ ಬರೆದ. ಮರುಸಲ ಸಂಪಾದಕನು ನಾಲ್ಕು ತಪ್ಪುಗಳನ್ನು ಎತ್ತಿ ತೋರಿಸಿದ. ಅವುಗಳಲ್ಲಿ ಎರಡು ನನ್ನ ಟಿಪ್ಪಣಿಯವೇ. ಅಧ್ಯಾಯವನ್ನು ಈಗ ಕೈಯಾರೆ ತಿದ್ದುತ್ತಿದ್ದೇನೆ. ಮುದ್ರಣಾಲಯದವರು ಡಿಸೆಂಬರ್ 10ರವರೆಗೆ ಅವಕಾಶ ಕೊಟ್ಟಿದ್ದಾರೆ. ಕಲ್ಲು ಹೊತ್ತವರ ಪೈಕಿ ನಿಮ್ಮ ಅಜ್ಜ, ಮುತ್ತಜ್ಜಂದಿರು ಯಾರಾದರೂ ಇದ್ದರೆ, ಮನೆಯಲ್ಲಿ ಹಿರಿಯರನ್ನು ಕೇಳಿ, ಅವರ ಹೆಸರನ್ನೂ ಆ ಸಂಗತಿಯನ್ನು ಹೇಳಿದವರ ಹೆಸರನ್ನೂ ನನಗೆ ಬರೆದು ಕಳುಹಿಸಿ.