ವಿದ್ಯುತ್ ವಿಸರ್ಜನೆಯಿಂದ ಹೊಗೆ ಶುದ್ಧೀಕರಣ

ಕಾರ್ಖಾನೆ, ಉಷ್ಣವಿದ್ಯುತ್ ಸ್ಥಾವರಗಳ ಹೊಗೆ ಚಿಮಣಿ ಸೇರುವ ಮುನ್ನ ಅದನ್ನು ಅಧಿಕ ವೋಲ್ಟೇಜಿನ ವಿದ್ಯುತ್ ವಿಸರ್ಜನೆಯ ನಡುವೆ ಹಾಯಿಸಿ, ಅದರಲ್ಲಿರುವ ದೂಳು, ಆಮ್ಲದ ತುಂತುರು, ಹಾನಿಕರ ಅನಿಲಗಳನ್ನು ತೆಗೆಯುವ ವಿಧಾನ. ಇದರಲ್ಲಿ ಎರಡು ಬಗೆ. ದೂಳು ಹಿಡಿಯುವ ಸ್ಥಾಯೀವಿದ್ಯುತ್ ಅವಕ್ಷೇಪಕಕ್ಕೆ ನೂರು ವರ್ಷ ದಾಟಿದೆ. ಸ್ಥಾವರಗಳಲ್ಲಿ ಅದನ್ನು ಇಎಸ್‌ಪಿ ಎಂದೇ ಕರೆಯುತ್ತಾರೆ. ಅನಿಲಗಳನ್ನು ಒಡೆಯುವ ಪ್ಲಾಸ್ಮಾ ವಿಧಾನ ಮಾತ್ರ ಪ್ರಯೋಗಾಲಯದ ಹೊಸಿಲು ದಾಟಿ ಹೆಚ್ಚು ದೂರ ಬಂದಿಲ್ಲ.

ಹೊಗೆ ತುಂಬಿದ ಜಾಡಿಯೊಳಗೆ ವಿದ್ಯುದಾವೇಶ ಹರಿಸಿದರೆ ಹೊಗೆ ತಿಳಿಯಾಗುತ್ತದೆ ಎಂಬುದನ್ನು 1824ರಲ್ಲೇ ಜರ್ಮನಿಯ ಹೋಲ್‌ಫೆಲ್ಟ್ ತೋರಿಸಿದ್ದ. ಇಂಗ್ಲೆಂಡಿನ ಭೌತವಿಜ್ಞಾನಿ ಆಲಿವರ್ ಲಾಡ್ಜ್ 1885ರಲ್ಲಿ ಇದನ್ನು ವೇಲ್ಸ್‌ನ ಬ್ಯಾಗಿಲ್ಟ್ ಎಂಬಲ್ಲಿನ ಸೀಸದ ಕಾರ್ಖಾನೆಗೆ ಒಯ್ದ. ಯೋಚನೆ ಸರಿಯಿತ್ತು, ವಿದ್ಯುತ್ ಸಾಲಲಿಲ್ಲ: ಗಾಜಿನ ತಟ್ಟೆ ತಿರುಗಿಸಿ ಆವೇಶ ಹುಟ್ಟಿಸುವ ವಿಮ್‌ಶರ್ಸ್ಟ್ ಯಂತ್ರ ಕಾರ್ಖಾನೆಯ ಹೊಗೆಗೆ ಯಾವ ಮೂಲೆಗೂ ಆಗಲಿಲ್ಲ. ಸೀಸದ ಹೊಗೆಯ ದೂಳು ವಿದ್ಯುತ್ತಿಗೆ ಸುಲಭವಾಗಿ ಬಗ್ಗುವಂಥದ್ದೂ ಅಲ್ಲ.

ಗೆದ್ದವನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ರೆಡರಿಕ್ ಕಾಟ್ರೆಲ್. ಸಲ್ಫ್ಯೂರಿಕ್ ಆಮ್ಲದ ಮಂಜನ್ನು ಹಿಡಿಯಲು ಹೆಣಗುತ್ತಿದ್ದ ಅವನ ಕಣ್ಣಿಗೆ ಮುಸ್ಸಂಜೆಯ ನಸುಗತ್ತಲಲ್ಲಿ ಒಂದು ಸಂಗತಿ ಬಿತ್ತು. ಹತ್ತಿನೂಲು ಸುತ್ತಿದ ತಂತಿಯ ಮೈತುಂಬ ನಸುನೇರಳೆ ಬೆಳಕು ಹರಡಿತ್ತು. ತೇವ ಹೀರಿದ ನೂಲಿನ ಒಂದೊಂದು ಎಳೆಯ ತುದಿಯೂ ವಿಸರ್ಜನೆಯ ಮೊನೆಯಾಗಿತ್ತು. ಟ್ರಾನ್ಸ್‌ಫಾರ್ಮರ್ ಮತ್ತು ತಿರುಗುವ ರೆಕ್ಟಿಫೈಯರ್ ಅಷ್ಟರಲ್ಲಿ ಕೈಗೆಟುಕಿದ್ದರಿಂದ ಲಾಡ್ಜ್‌ಗೆ ಎದುರಾದ ವಿದ್ಯುತ್ತಿನ ಬಡತನ ಇವನಿಗಿರಲಿಲ್ಲ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಆದಾಯವನ್ನು ತಾನಿಟ್ಟುಕೊಳ್ಳದೆ, ವೈಜ್ಞಾನಿಕ ಸಂಶೋಧನೆಗೆ ನೆರವಾಗುವ ರಿಸರ್ಚ್ ಕಾರ್ಪೊರೇಷನ್ ಎಂಬ ಸಂಸ್ಥೆಯನ್ನು 1912ರಲ್ಲಿ ಕಟ್ಟಿದ.

ಇಎಸ್‌ಪಿಯೊಳಗೆ ಉಕ್ಕಿನ ಎತ್ತರದ ಫಲಕಗಳು ಸಾಲಾಗಿ ತೂಗುತ್ತವೆ. ಎರಡು ಫಲಕಗಳ ನಡುವೆ 30ರಿಂದ 40 ಸೆಂ.ಮೀ. ಅಂತರ, ಆ ಅಂತರದ ನಟ್ಟನಡುವೆ ತಂತಿಗಳು. ತಂತಿಗೆ ಹತ್ತಾರು ಸಾವಿರ ವೋಲ್ಟಿನ ಋಣ ವಿದ್ಯುತ್, ಫಲಕಕ್ಕೆ ಅರ್ತ್. ತಂತಿಯ ಸುತ್ತ ಗಾಳಿ ಸೀಳಿ ಕರೋನಾ ವಿಸರ್ಜನೆ ಏಳುತ್ತದೆ. ಅಲ್ಲಿಂದ ಚಿಮ್ಮಿದ ಎಲೆಕ್ಟ್ರಾನುಗಳು ಆಮ್ಲಜನಕದಂಥ ಅಣುಗಳಿಗೆ ಅಂಟಿ ಅಯಾನುಗಳಾಗಿ, ಅಯಾನುಗಳು ದೂಳಿನ ಕಣವನ್ನೇರಿ, ಕಣ ಫಲಕದತ್ತ ಸರಿಯುತ್ತದೆ. ಹೊಗೆ ಸೆಕೆಂಡಿಗೆ ಸುಮಾರು ಒಂದು ಮೀಟರಿನಷ್ಟು ನಿಧಾನವಾಗಿ ಸಾಗುವುದರಿಂದ ಇದಕ್ಕೆಲ್ಲ ಸಮಯ ಸಿಗುತ್ತದೆ. ಫಲಕಕ್ಕೆ ಮೆತ್ತಿದ ಬೂದಿಯನ್ನು ಸುತ್ತಿಗೆಗಳು ಆಗಾಗ ಬಡಿದು ಕೆಳಗಿನ ಹಾಪರ್‌ಗೆ ಉದುರಿಸುತ್ತವೆ. ಸಿಮೆಂಟಿಗೂ ಇಟ್ಟಿಗೆಗೂ ಸೇರುವ ಹಾರುಬೂದಿ ಇದೇ.

ದೂಳು ಎಷ್ಟು ಪಾಲು ಸಿಕ್ಕುತ್ತದೆ ಎಂಬುದಕ್ಕೆ 1922ರಲ್ಲಿ ಡಾಯ್ಚ್ ಎಂಬಾತ ಒಂದು ಸೂತ್ರ ಕೊಟ್ಟ. ಅದರ ಲೆಕ್ಕ ಎಂಜಿನಿಯರುಗಳಿಗೆ ದುಬಾರಿ: ಶೇ. 90ರಷ್ಟು ದೂಳು ಹಿಡಿಯುವ ಯಂತ್ರವನ್ನು ಶೇ. 99ಕ್ಕೆ ಏರಿಸಲು ಫಲಕಗಳ ವಿಸ್ತಾರ ಎರಡು ಪಟ್ಟಾಗಬೇಕು, 99.9 ಬೇಕಾದರೆ ಮೂರು ಪಟ್ಟು.

ಭಾರತದ ಕಲ್ಲಿದ್ದಲು ಈ ಕೆಲಸವನ್ನು ಇನ್ನೂ ಕಠಿಣವಾಗಿಸಿದೆ. ಅದರಲ್ಲಿ ಬೂದಿಯ ಪಾಲು ಶೇ. 30ರಿಂದ 45; ಶೇ. 40 ಎಂದಿಟ್ಟುಕೊಂಡರೂ ಒಂದು ಟನ್ ಉರಿದಾಗ 400 ಕೆ.ಜಿ. ಬೂದಿ, ಅದರಲ್ಲಿ ಹೆಚ್ಚಿನದು ಹೊಗೆಯೊಂದಿಗೆ ಹಾರುತ್ತದೆ. ಗಂಧಕ ಕಡಿಮೆ. ಗಾಳಿಗೆ ಅದು ಒಳ್ಳೆಯದೇ, ಇಎಸ್‌ಪಿಗೆ ಮಾತ್ರ ಪೀಕಲಾಟ. ಗಂಧಕದಿಂದ ಹುಟ್ಟುವ ಆಮ್ಲದ ತೆಳು ಪೊರೆಯಿಲ್ಲದ ಬೂದಿಯಲ್ಲಿ ವಿದ್ಯುತ್ ಸರಾಗ ಹರಿಯದು. ಫಲಕದ ಮೇಲಿನ ಬೂದಿಯ ಪದರದಲ್ಲೇ ಆವೇಶ ಕಟ್ಟಿಕೊಂಡು, ಕೊನೆಗೆ ಅಲ್ಲಿಂದ ಉಲ್ಟಾ ಕರೋನಾ ಎದ್ದು, ಹಿಡಿದ ದೂಳು ಮತ್ತೆ ಹೊಗೆಗೆ ಸೇರುತ್ತದೆ. ಹೀಗಾಗಿ ಕೆಲವು ಕಡೆ ಅಮೋನಿಯಾವನ್ನೋ ಗಂಧಕದ ಟ್ರೈಆಕ್ಸೈಡನ್ನೋ ಹೊಗೆಗೆ ತುಸು ಬೆರೆಸುತ್ತಾರೆ. ಹೊಗೆ ಶುದ್ಧ ಮಾಡಲು ಹೊಗೆಗೇ ಗಂಧಕ ಹಾಕುವ ವಿಚಿತ್ರ! ದೇಶದ ಇಎಸ್‌ಪಿಗಳಲ್ಲಿ ಬಹಳಷ್ಟನ್ನು ತಯಾರಿಸಿದ್ದು ತಮಿಳುನಾಡಿನ ರಾಣಿಪೇಟೆಯ ಬಿಎಚ್‌ಇಎಲ್ ಘಟಕ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದ ಪ್ರಕಾರ 2017ರಿಂದೀಚಿನ ಸ್ಥಾವರಗಳ ಹೊಗೆಯಲ್ಲಿ ಘನ ಮೀಟರಿಗೆ 30 ಮಿ.ಗ್ರಾಂ.ಗಿಂತ ಹೆಚ್ಚು ದೂಳು ಇರಕೂಡದು. 2003ರ ಕೊನೆಯೊಳಗೆ ಸ್ಥಾಪನೆಯಾದವಕ್ಕೆ ಈ ಮಿತಿ 100.

ಅನಿಲಗಳ ಕತೆ ಬೇರೆ. ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು ಫಲಕಕ್ಕೆ ಅಂಟುವಂಥವಲ್ಲ. ಅವುಗಳ ರಾಸಾಯನಿಕ ರೂಪವನ್ನೇ ಬದಲಿಸಬೇಕು; ಪ್ಲಾಸ್ಮಾ ವಿಧಾನ ಮಾಡುವುದು ಇದನ್ನೇ. ಇದಕ್ಕಾಗಿ ಸಂಶೋಧಕರಾದ ಮಿಜುನೊ, ಕ್ಲೆಮೆಂಟ್ಸ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವೋಲ್ಟೇಜನ್ನು ಬಿಟ್ಟೂಬಿಡದೆ ಕೊಡುವ ಬದಲು ಅತಿ ಕಿರಿದಾದ ಮಿಡಿತಗಳಲ್ಲಿ ಕೊಟ್ಟರು. ಆಗ ಹಗುರವಾದ ಎಲೆಕ್ಟ್ರಾನುಗಳಷ್ಟೇ ಶಕ್ತಿ ಪಡೆಯುತ್ತವೆ, ಅನಿಲ ಹೆಚ್ಚು ಬಿಸಿಯಾಗುವುದಿಲ್ಲ. ಈ ಎಲೆಕ್ಟ್ರಾನುಗಳು ನೀರಾವಿ, ಆಮ್ಲಜನಕಗಳನ್ನು ಒಡೆದು ಹುಟ್ಟಿಸಿದ ಚುರುಕು ಕಣಗಳು ಹೊಗೆಯ ಅನಿಲವನ್ನು ಆಮ್ಲವಾಗಿಸುತ್ತವೆ. ಅಮೋನಿಯಾ ಬೆರೆಸಿದರೆ ಅಮೋನಿಯಂ ಲವಣಗಳು, ಅಂದರೆ ಗೊಬ್ಬರ, ಪುಡಿಯಾಗಿ ಸಿಕ್ಕುತ್ತವೆ. ಇಟಲಿಯ ಮಾರ್ಗೆರಾದಲ್ಲಿ ಇದರ ಪ್ರಾಯೋಗಿಕ ಘಟಕ ನಡೆದಿತ್ತು. ಇದರ ಸೋದರ ವಿಧಾನವಾದ ಎಲೆಕ್ಟ್ರಾನ್ ಕಿರಣವನ್ನು ಚೀನಾದ ಚೆಂಗ್ಡು, ಪೋಲೆಂಡಿನ ಪೊಮೊರ್ಜಾನಿ ಸ್ಥಾವರಗಳು ಅಳವಡಿಸಿಕೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡೀಸೆಲ್ ಹೊಗೆಯ ಮೇಲೆ ಮಿಡಿತದ ವಿಸರ್ಜನೆಯ ಪ್ರಯೋಗಗಳಾಗಿವೆ.

ಆದರೂ ಪ್ಲಾಸ್ಮಾ ವಿಧಾನ ಇಎಸ್‌ಪಿಯಂತೆ ಹಬ್ಬದಿರಲು ಕಾರಣ ಕರೆಂಟಿನ ಖರ್ಚು. ಕೋಟಿಗಟ್ಟಲೆ ಅಣುಗಳಿರುವ ಒಂದು ದೂಳಿನ ಕಣವನ್ನು ಎಳೆಯಲು ಕೆಲವೇ ಎಲೆಕ್ಟ್ರಾನುಗಳ ಆವೇಶ ಸಾಕು. ಅನಿಲವನ್ನಾದರೋ ಒಂದೊಂದೇ ಅಣುವಾಗಿ ಬದಲಿಸಬೇಕು, ನಡುವೆ ಶಕ್ತಿಯ ಬಹುಪಾಲು ಸಾರಜನಕಕ್ಕೆ ಬಡಿದು ಪೋಲಾಗುತ್ತದೆ. ಇಎಸ್‌ಪಿಗೆ ಸ್ಥಾವರದ ಉತ್ಪಾದನೆಯ ಶೇ. 1ಕ್ಕಿಂತ ಕಡಿಮೆ ಸಾಕಾದರೆ, ಪ್ಲಾಸ್ಮಾ ಅದರ ಹಲವು ಪಟ್ಟು ಕೇಳುತ್ತದೆ. ಆದ್ದರಿಂದ ಸ್ಥಾವರಗಳಲ್ಲಿ ಗಂಧಕದ ಡೈಆಕ್ಸೈಡನ್ನು ತೆಗೆಯುವ ಕೆಲಸ ಇಂದಿಗೂ ಹೆಚ್ಚಾಗಿ ಇಎಸ್‌ಪಿಯ ಹಿಂದೆ ನಿಲ್ಲಿಸುವ ಸುಣ್ಣಕಲ್ಲಿನ ತೊಳೆಗೋಪುರದ್ದೇ.