ಕ್ಯಾಲ್ಗರಿ ಕುಟುಂಬ ಶುಶ್ರೂಷಾ ಮಾದರಿ

ದೀರ್ಘಕಾಲದ ಕಾಯಿಲೆಯಲ್ಲಿ ರೋಗಿಯ ಜೊತೆಗೆ ಮನೆಮಂದಿಯನ್ನೂ ಆರೈಕೆಯ ವ್ಯಾಪ್ತಿಗೆ ತರುವ ನರ್ಸಿಂಗ್ ಪದ್ಧತಿ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಸಕ್ಕರೆ ಕಾಯಿಲೆ, ಹೃದ್ರೋಗ, ಮೂತ್ರಪಿಂಡ ವೈಫಲ್ಯ, ಮರೆಗುಳಿತನ ಮೊದಲಾದವು ಆಸ್ಪತ್ರೆಯಲ್ಲಿ ಕೆಲವು ದಿನ, ಮನೆಯಲ್ಲಿ ವರ್ಷಗಟ್ಟಲೆ ಇರುವಂಥವು. ಅಡುಗೆ, ಸಂಬಳ, ನಿದ್ದೆ, ಗಂಡಹೆಂಡಿರ ಮಾತುಕತೆ ಎಲ್ಲವೂ ಅವುಗಳಿಗೆ ತಕ್ಕಂತೆ ಬದಲಾಗುತ್ತವೆ. ಮನೆಯ ಬದುಕು ಹೇಗಿದೆಯೆಂಬುದರ ಮೇಲೆ ಕಾಯಿಲೆಯ ಗತಿಯೂ ನಿಂತಿರುತ್ತದೆ ಎಂಬುದು ಈ ಮಾದರಿಯ ತಳಹದಿ.

ನರ್ಸಿಂಗ್ ಅಧ್ಯಾಪಕಿ ಲೊರೇನ್ ರೈಟ್ 1982ರಲ್ಲಿ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಕುಟುಂಬ ಶುಶ್ರೂಷಾ ಘಟಕವನ್ನು ತೆರೆದರು. ತಂಡದ ಒಬ್ಬರು ಕುಟುಂಬದೊಡನೆ ಮಾತನಾಡುತ್ತಿದ್ದರೆ ಉಳಿದವರು ಏಕಮುಖ ಕನ್ನಡಿಯ ಹಿಂದೆ ಕುಳಿತು ಗಮನಿಸುತ್ತಿದ್ದರು. ರೈಟ್ ಮತ್ತು ಮಾರೀನ್ ಲೀಹಿ ಬರೆದ ‘ನರ್ಸಸ್ ಆ್ಯಂಡ್ ಫ್ಯಾಮಿಲೀಸ್’ (1984) ಮಾದರಿಯ ಮೂಲಗ್ರಂಥ. ಘಟಕ 2007ರಲ್ಲಿ ಮುಚ್ಚಿತು.

ಕೆಲಸ ಶುರುವಾಗುವುದು ವಂಶಚಿತ್ರದಿಂದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಯಾರು ಯಾರೊಡನಿದ್ದಾರೆ, ಯಾರಿಗೆ ಯಾವ ರೋಗವಿತ್ತು ಎಂಬುದೆಲ್ಲ ಒಂದೇ ಹಾಳೆಯಲ್ಲಿ. ಆದರೆ ಪದ್ಧತಿಯ ಜೀವಾಳ ಪ್ರಶ್ನೆಗಳಲ್ಲಿದೆ. “ಈ ಕಾಯಿಲೆಯಿಂದ ಮನೆಯಲ್ಲಿ ಹೆಚ್ಚು ನೊಂದವರು ಯಾರು?” ಎಂದು ಕೇಳಿದಾಗ ರೋಗಿ ಹೆಂಡತಿಯತ್ತ, ಹೆಂಡತಿ ಮಗನತ್ತ ಬೊಟ್ಟು ಮಾಡಬಹುದು, ಆವರೆಗೆ ಯಾರೂ ಆಡದಿದ್ದ ಮಾತು ಹೊರಬೀಳುತ್ತದೆ. ಈ ಭೇಟಿಗಳಲ್ಲಿ ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಗುವುದಾದರೆ ಯಾವುದನ್ನು ಕೇಳುತ್ತೀರಿ ಎಂಬುದು ರೈಟ್ ಅವರ ಹೆಸರಾಂತ ಪ್ರಶ್ನೆ. ಪಥ್ಯದ ಪಾಠ ಹೇಳಲು ಸಿದ್ಧವಾಗಿ ಬಂದ ನರ್ಸ್‌ಗೆ ‘ಇದು ನನ್ನ ಮಕ್ಕಳಿಗೂ ಬರುತ್ತದೆಯೇ’ ಎಂಬ ಅಂಜಿಕೆ ಉತ್ತರವಾಗಿ ಎದುರಾಗಬಹುದು. ಬುದ್ಧಿ ಹೇಳುವುದನ್ನೇ ರೂಢಿಸಿಕೊಂಡ ವೃತ್ತಿಗೆ, ಸುಮ್ಮನೆ ಕೇಳಿಸಿಕೊಳ್ಳುವ ಈ ಹಂತವೇ ಕಷ್ಟದ್ದು.

ಇನ್ನೊಂದು ಸಾಧನ ಮೆಚ್ಚುಗೆ. ಮನೆಯವರಲ್ಲಿ ತಾನು ಕಂಡ ಶಕ್ತಿಯನ್ನು ನರ್ಸ್ ಗುರುತಿಸಿ ಅವರೆದುರೇ ಹೇಳುತ್ತಾರೆ: ಒಂದು ಹೊತ್ತೂ ತಪ್ಪಿಸದೆ ಇನ್ಸುಲಿನ್ ಕೊಟ್ಟಿದ್ದು, ರಾತ್ರಿಯ ಸರದಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡಿದ್ದು. ಬರಿಯ ಹೊಗಳಿಕೆಗೆ ಇಲ್ಲಿ ಬೆಲೆಯಿಲ್ಲ, ಕಣ್ಣಾರೆ ಕಂಡ ಸಂಗತಿಯೇ ಬೇಕು. ಭೇಟಿಗಳು ಮುಗಿದ ಮೇಲೆ ಇದನ್ನೇ ಕಾಗದದಲ್ಲಿ ಬರೆದು ಕಳುಹಿಸುವ ಕ್ರಮವೂ ಘಟಕದಲ್ಲಿತ್ತು.

ವಾರ್ಡಿನ ಗಡಿಬಿಡಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪಕ್ಕೆ ಉತ್ತರವಾಗಿ ರೈಟ್ ಮತ್ತು ಲೀಹಿ 1999ರಲ್ಲಿ 15 ನಿಮಿಷದ ಸಂದರ್ಶನದ ವಿಧಾನವನ್ನು ಪ್ರಕಟಿಸಿದರು. ತನ್ನ ಹೆಸರು ಹೇಳಿ, ರೋಗಿಯನ್ನೂ ಜೊತೆಗಿದ್ದವರನ್ನೂ ಹೆಸರು ಹಿಡಿದು ಮಾತನಾಡಿಸುವ ಸೌಜನ್ಯವೂ ಅದರ ಒಂದು ಅಂಗ. ಕೆನಡಾದ ಹೊರಗೆ, ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿರುವ ಲ್ಯಾಂಡ್‌ಸ್ಪಿಟಾಲಿ ವಿಶ್ವವಿದ್ಯಾಲಯ ಆಸ್ಪತ್ರೆ 2007ರಿಂದ 2011ರವರೆಗೆ ತನ್ನ ವಿಭಾಗಗಳಲ್ಲೆಲ್ಲ ಈ ಮಾದರಿಯನ್ನು ಜಾರಿಗೆ ತಂದಿತು.