ಎರಡಾಣೆಯ ಬಂಡವಾಳ



ಸಣ್ಣ ಉದ್ಯಮವೊಂದನ್ನು ಆರಂಭಿಸಲು ಏನು ಬೇಕು ಎಂದು ಕೇಳಿದರೆ ನೀವು ‘ಬಂಡವಾಳ’ ಎಂದು ತಟ್ಟನೆ ಉತ್ತರಿಸುತ್ತೀರಿ. ಆದರೆ ಬಂಡವಾಳವಾದರೂ ಎಲ್ಲಿಂದ ಬರುತ್ತದೆ? ಹಿಂದುಳಿದ ಪ್ರದೇಶದಲ್ಲಿ, ಕೈಯಲ್ಲಿ ಕಾಸಿಲ್ಲದ ಜನರ ನಡುವೆ ಅದು ಹುಟ್ಟುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಕರಾವಳಿಯ ಉಡುಪಿ ಕೊಟ್ಟ ಒಂದು ಉತ್ತರವನ್ನು ಇಲ್ಲಿ ಪರಿಶೀಲಿಸೋಣ.

1920ರ ದಶಕದ ಉಡುಪಿಯನ್ನು ಕಲ್ಪಿಸಿಕೊಳ್ಳಿ. ಆಗ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಪೇಟೆ. ರೈಲು 1907ರಲ್ಲಿ ಮಂಗಳೂರಿಗೆ ಬಂದಿತ್ತು, ಉಡುಪಿಗೆ ಬಂದಿರಲಿಲ್ಲ. ಮಂಗಳೂರಿನಿಂದ ಉಡುಪಿಗೆ ಹೋಗುವವರು ದಾರಿಯ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಾಗಿತ್ತು. ಬೇಸಾಯ, ಮೀನುಗಾರಿಕೆ, ಕೈಮಗ್ಗ, ಸಣ್ಣಪುಟ್ಟ ವ್ಯಾಪಾರ ಇವೇ ಜನರ ಜೀವನೋಪಾಯ.

ಇವರಲ್ಲಿ ನೇಕಾರರ ಕಷ್ಟ ಹೇಳತೀರದು. ಗಿರಣಿಯ ಅಗ್ಗದ ಬಟ್ಟೆ ಒಂದು ಕಡೆಯಿಂದ ಅವರನ್ನು ಒತ್ತುತ್ತಿತ್ತು. ಇನ್ನೊಂದು ಕಡೆ, ನೇಯುವ ನೂಲಿಗೂ ಗಿರಣಿಯನ್ನೇ ನಂಬಬೇಕಾಗಿತ್ತು. ನೂಲು ಕೊಳ್ಳಲು ಇಂದೇ ಹಣ ಬೇಕು. ಸೀರೆ ಮಾರಾಟವಾಗಿ ಹಣ ಬರುವುದು ಎಷ್ಟೋ ದಿನಗಳ ಮೇಲೆ. ಈ ನಡುವಣ ದಿನಗಳನ್ನು ದಾಟಿಸುವ ಹಣವನ್ನೇ ನಾವು ದುಡಿಯುವ ಬಂಡವಾಳ ಎನ್ನುತ್ತೇವೆ. ಅದಿಲ್ಲದ ನೇಕಾರ ವ್ಯಾಪಾರಿಯಿಂದ ನೂಲನ್ನು ಸಾಲವಾಗಿ ತಂದು, ನೇಯ್ದ ಬಟ್ಟೆಯನ್ನು ಅದೇ ವ್ಯಾಪಾರಿಗೆ ಒಪ್ಪಿಸುವುದು ಭಾರತದ ಹಲವೆಡೆ ರೂಢಿಯಾಗಿತ್ತು. ಮಗ್ಗ ನೇಕಾರನದು, ಬೆವರು ನೇಕಾರನದು. ಬೆಲೆ ಕಟ್ಟುವವನು ಮಾತ್ರ ಬೇರೊಬ್ಬ.

ಈ ಸನ್ನಿವೇಶದಲ್ಲಿ, 1925ರಲ್ಲಿ, ಮೂವರು ಉಡುಪಿಯಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ.ಎಂ.ಎ. ಪೈ. ಸಂಸ್ಥೆಯ ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮೂಲ ಬಂಡವಾಳ ಕೇವಲ 8,000 ರೂಪಾಯಿ. ಸಂಕಟದಲ್ಲಿದ್ದ ನೇಕಾರರಿಗೆ ಹಣದ ನೆರವು ಒದಗಿಸುವುದು ಅದರ ಮೊದಲ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ ಸಂಸ್ಥೆ.

ಆದರೆ 8,000 ರೂಪಾಯಿಯಿಂದ ಎಷ್ಟು ಮಗ್ಗಗಳನ್ನು ನಡೆಸಲು ಸಾಧ್ಯ? ಸಾಲ ಕೊಡಬೇಕಾದರೆ ಠೇವಣಿ ಬೇಕು. ಹಣವುಳ್ಳವರಿಗೆ ಆ ವೇಳೆಗೆ ಬೇರೆ ಬ್ಯಾಂಕುಗಳಿದ್ದವು. ಮಂಗಳೂರು ಮತ್ತು ಉಡುಪಿಗಳಲ್ಲಿ 1906ರಲ್ಲೇ ಒಂದೊಂದು ಬ್ಯಾಂಕು ಹುಟ್ಟಿತ್ತು. ಉಳಿದವರು ದಿನಗೂಲಿಯವರು, ಮೀನು ಮಾರುವವರು, ಗೂಡಂಗಡಿಯವರು. ಇವರ ಕೈಗೂ ಹಣ ಬರುತ್ತಿತ್ತು, ಆದರೆ ಚಿಲ್ಲರೆಯಾಗಿ, ದಿನದಿನವೂ. ಬ್ಯಾಂಕಿನ ಬಾಗಿಲು ತೆರೆದಿರುವ ಹೊತ್ತು ಅವರಿಗೆ ವ್ಯಾಪಾರದ ಹೊತ್ತು. ಎರಡಾಣೆಯನ್ನು ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ಸಂಕೋಚ ಬೇರೆ. ಹೀಗಾಗಿ ಬೆಳಿಗ್ಗೆ ಬಂದ ಕಾಸು ಸಂಜೆಯೊಳಗೆ ಕರಗಿಹೋಗುತ್ತಿತ್ತು.

1928ರಲ್ಲಿ ಸಂಸ್ಥೆಯು ಈ ಪದ್ಧತಿಯನ್ನು ತಿರುವುಮುರುವು ಮಾಡಿತು. ಜನ ಬ್ಯಾಂಕಿಗೆ ಬರುವ ಬದಲು ಬ್ಯಾಂಕೇ ಜನರ ಬಾಗಿಲಿಗೆ ಹೋಯಿತು. ಏಜೆಂಟರು ಮನೆ, ಅಂಗಡಿಗಳಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಡಿಮೆ ಹಣವನ್ನೂ ಸಂಗ್ರಹಿಸತೊಡಗಿದರು. ಇದೇ ಪಿಗ್ಮಿ ಠೇವಣಿ. ಕಿರಿದಾದದ್ದು ಎಂಬ ಅರ್ಥದಲ್ಲಿ ಈ ಹೆಸರು.

ಈಗ ಒಂದು ಲೆಕ್ಕ ಮಾಡಿ. ಆಗ ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆಯಂತೆ 365 ದಿನಕ್ಕೆ 730 ಆಣೆ, ಅಂದರೆ 45 ರೂಪಾಯಿ 10 ಆಣೆ. ಇದು ಒಬ್ಬರ ಉಳಿತಾಯ. ಇಂಥ ನೂರು ಜನ ಸೇರಿದರೆ 4,562 ರೂಪಾಯಿ 8 ಆಣೆ. ಸಂಸ್ಥೆಯ ಮೂಲ ಬಂಡವಾಳದ ಅರ್ಧಕ್ಕಿಂತ ಹೆಚ್ಚು! ಹನಿಗೂಡಿದರೆ ಹಳ್ಳ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಸಣ್ಣ ವ್ಯಾಪಾರಿಗೆ ಇದರಿಂದ ಆಗುವ ಲಾಭವೇನು? ಮೊದಲನೆಯದು, ಅಂಗಡಿಯ ಹಣವೂ ಮನೆಯ ಹಣವೂ ಬೇರೆಬೇರೆಯಾಗುತ್ತವೆ. ಅನೇಕ ಸಣ್ಣ ಉದ್ಯಮಗಳು ಮುಳುಗುವುದು ನಷ್ಟದಿಂದಲ್ಲ; ಗಲ್ಲಾಪೆಟ್ಟಿಗೆಯಲ್ಲಿರುವುದೆಲ್ಲ ಲಾಭವೇ ಎಂದು ಭಾವಿಸಿ ಖರ್ಚು ಮಾಡುವುದರಿಂದ. ಎರಡನೆಯದು, ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯದಿದ್ದಾಗ, ಪೇಟೆಗೆ ಜನ ಬಾರದಿದ್ದಾಗ ಕೂಡಿಟ್ಟ ಹಣ ಕೈಹಿಡಿಯುತ್ತದೆ. ಮೂರನೆಯದು ಬಹು ಮುಖ್ಯ. ಅಡವಿಡಲು ಹೊಲವಾಗಲಿ ಚಿನ್ನವಾಗಲಿ ಇಲ್ಲದವನಿಗೆ ದಿನವೂ ತಪ್ಪದೆ ಕಟ್ಟಿದ ಪುಸ್ತಕವೇ ಅವನ ಯೋಗ್ಯತೆಗೆ ಸಾಕ್ಷಿ.

ಈ ಪದ್ಧತಿಯಲ್ಲಿ ತೊಡಕುಗಳಿಲ್ಲವೆಂದಲ್ಲ. ಬಾಗಿಲಿಗೆ ಬಂದು ಹಣ ಪಡೆಯುವುದಕ್ಕೆ ಖರ್ಚು ತಗಲುತ್ತದೆ. ಆ ಖರ್ಚನ್ನು ಯಾರಾದರೂ ಭರಿಸಲೇಬೇಕು. ಬಿಸಿಲು ಮಳೆಯೆನ್ನದೆ ಸುತ್ತುವ ಏಜೆಂಟರಿಗೆ ಸಂಬಳವಿರಲಿಲ್ಲ, ಕಮಿಷನ್ ಮಾತ್ರ. ಅವರು ಬ್ಯಾಂಕಿನ ಕೆಲಸಗಾರರೋ ಅಲ್ಲವೋ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾನೂನಿನ ದೃಷ್ಟಿಯಲ್ಲಿ ಅವರೂ ಕಾರ್ಮಿಕರೇ, ಅವರ ಕಮಿಷನ್ನೂ ವೇತನವೇ ಎಂದು ಕೋರ್ಟು 2001ರಲ್ಲಿ ತೀರ್ಪಿತ್ತಿತು. ಆದರೆ ಅವರನ್ನು ಕಾಯಂ ನೌಕರರ ಸಾಲಿಗೆ ಸೇರಿಸಲಿಲ್ಲ. ಸಣ್ಣವರ ಉಳಿತಾಯವನ್ನು ಹೊತ್ತವರೂ ಸಣ್ಣವರೇ ಆಗಿದ್ದರು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಮರೆಯಬಾರದು.

ಸಿಂಡಿಕೇಟ್ ಬ್ಯಾಂಕ್ 1969ರಲ್ಲಿ ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಒಂದಾಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಪದ್ಧತಿ ಉಳಿದಿದೆ. ಕರ್ನಾಟಕದ ಅನೇಕ ಸಹಕಾರಿ ಸಂಘಗಳ ಪಿಗ್ಮಿ ಸಂಗ್ರಾಹಕರು ಇಂದಿಗೂ ಅಂಗಡಿ ಬೀದಿಗಳಲ್ಲಿ ಸುತ್ತುತ್ತಿದ್ದಾರೆ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದದ್ದು ಇಷ್ಟು: ಬಡ ಪ್ರದೇಶದಲ್ಲಿ ಹಣವೇ ಇರುವುದಿಲ್ಲ ಎಂಬುದು ಪೂರ್ಣ ಸತ್ಯವಲ್ಲ. ಅದು ಚೂರುಚೂರಾಗಿ, ಸಾವಿರಾರು ಕೈಗಳಲ್ಲಿ ಚದುರಿರುತ್ತದೆ. ಅದನ್ನು ಒಗ್ಗೂಡಿಸಲು ದುಡಿಯುವವರ ದಿನಚರಿಗೆ ಹೊಂದುವ ವ್ಯವಸ್ಥೆ ಬೇಕು, ಅದರ ಮೇಲೆ ನಂಬಿಕೆ ಬೇಕು.

ನಿಮಗೊಂದು ಚಟುವಟಿಕೆ: ನಿಮ್ಮ ಊರಿನ ಸಣ್ಣ ಅಂಗಡಿಯೊಂದಕ್ಕೆ ಹೋಗಿ ವಿನಯದಿಂದ ವಿಚಾರಿಸಿ. ಮೊದಲ ಬಂಡವಾಳ ಎಲ್ಲಿಂದ ಬಂತು? ಸರಕು ತಂದ ದಿನಕ್ಕೂ ಹಣ ಕೈಸೇರಿದ ದಿನಕ್ಕೂ ಎಷ್ಟು ಅಂತರ? ವ್ಯಾಪಾರವಿಲ್ಲದ ತಿಂಗಳನ್ನು ಹೇಗೆ ಕಳೆಯುತ್ತಾರೆ? ಅವರ ಉತ್ತರಗಳನ್ನು ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ. ನಿಮ್ಮ ಊರಿನ ಆರ್ಥಿಕ ಚರಿತ್ರೆಯ ಮೊದಲ ಪುಟ ಅದೇ ಆಗಬಹುದು.